ದೇವದುರ್ಗದ ಬಸ್ಸಿನಲ್ಲಿ ಮುಗಿದ ಬಿಲ್ಡ್

ನಾನು ನಿಂತಿದ್ದದ್ದು ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ, ಹಿಂದಿನ ಬಾಗಿಲಿನಿಂದ ಮುಂದಕ್ಕೆ ಎರಡನೆಯ ಸೀಟಿನ ಪಕ್ಕದಲ್ಲಿ, ಎಡಗೈಯಿಂದ ಕಂಬ ಹಿಡಿದು. ಹೋದ ವರ್ಷದ ಭತ್ತದ ಸುಗ್ಗಿಯ ಕಾಲ, ವಾರ ಗುರುವಾರ. ಬಸ್ಸು ಕಲ್ಮಲಾ ದಾಟಿ ಗಬ್ಬೂರಿನ ಕಡೆಗೆ ಹೊರಳಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಎಡಗಡೆಯ ಕಿಟಕಿಗಳಿಂದ ಬಿಸಿಲು ಅಡ್ಡಡ್ಡ ಬಂದು ಜನರ ಮೊಣಕಾಲುಗಳ ಮೇಲೆ ಬಿದ್ದಿತ್ತು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿಯನ್ನು ನಮ್ಮ ಆಫೀಸಿನಲ್ಲಿ ಆಮೇಲೆ ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳಿದರು. ಒಬ್ಬರು ಲ್ಯಾಪ್‌ಟಾಪ್ ಕಿಟಕಿಯಿಂದ ಹೊರಗೆ ಹಾರಿತು ಎಂದರು. ಇನ್ನೊಬ್ಬರು ಡ್ರೈವರ್ ಬಸ್ಸು ನಿಲ್ಲಿಸಿ ಕೋಡ್ ಬರೆದ ಎಂಬಲ್ಲಿಯವರೆಗೆ ಹೋದರು. ಅವರು ಯಾರೂ ಆ ಬಸ್ಸಿನಲ್ಲಿರಲಿಲ್ಲ. ನಾನಿದ್ದೆ. ಆದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ. ಕಾಣದೆ ಕೇಳಿದ್ದು ಯಾವುದಾದರೂ ಬಂದರೆ ಅದು ಕೇಳಿದ್ದು ಎಂದು ಅಲ್ಲೇ ಹೇಳುತ್ತೇನೆ.

ನಮ್ಮದು ರಾಯಚೂರಿನಲ್ಲಿ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಹತ್ತಿರ ಒಂದು ಟೇಲರ್ ಅಂಗಡಿಯ ಮಾಳಿಗೆಯ ಮೇಲಿನ ಸಣ್ಣ ಸಾಫ್ಟ್‌ವೇರ್ ಆಫೀಸು. ಅಕ್ಕಿ ಗಿರಣಿಗಳಿಗೆ ತೂಕದ ಚೀಟಿ ಕೊಡುವ ಆ್ಯಪ್ ಮಾಡುತ್ತೇವೆ. ಭತ್ತ ತುಂಬಿದ ಟ್ರ್ಯಾಕ್ಟರ್ ತೂಕದ ಕಟ್ಟೆಯ ಮೇಲೆ ಬಂದು ನಿಂತರೆ ಫೋನು ತುಂಬಿದ ತೂಕ ಹಿಡಿಯುತ್ತದೆ, ಖಾಲಿ ಗಾಡಿಯ ತೂಕ ಕಳೆಯುತ್ತದೆ, ಚೀಟಿ ಹೊರಗೆ ಬರುತ್ತದೆ. ಚೀಟಿ ಮೂರು ಭಾಷೆಯಲ್ಲಿ ಬರುತ್ತದೆ: ಕನ್ನಡ, ತೆಲುಗು, ಉರ್ದು. ಮಾನ್ವಿಯ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿಂದ ಬರುವ ರೈತರು ತೆಲುಗಿನ ಚೀಟಿ ಕೇಳುತ್ತಾರೆ. ಡ್ರೈವರುಗಳಲ್ಲಿ ಉರ್ದು ಕೇಳುವವರಿದ್ದಾರೆ. ಕೇಳಿದವರಿಗೆ ಕೇಳಿದ್ದು ಕೊಡಬೇಕು ಎಂಬುದು ನಮ್ಮ ಸರ್ ಮಾಡಿದ ನಿಯಮ. ಸರ್ ಎಂದರೆ ಆಫೀಸಿನ ಮಾಲೀಕರು.

ನನ್ನ ಕೆಲಸ ಪರೀಕ್ಷೆ. ಬೇರೆಯವರು ಬರೆದದ್ದನ್ನು ನಾನು ಗಿರಾಕಿಯ ಜಾಗದಲ್ಲಿ ನಿಂತು ಒತ್ತಿ ನೋಡುತ್ತೇನೆ. ತಪ್ಪಿದ್ದರೆ ತಪ್ಪಿದೆ ಎನ್ನುತ್ತೇನೆ. ಇದರಿಂದ ನನಗೆ ಆಫೀಸಿನಲ್ಲಿ ಹೆಚ್ಚು ಗೆಳೆಯರಿಲ್ಲ, ಶತ್ರುಗಳೂ ಇಲ್ಲ.

ಕೋಡ್ ಬರೆಯುತ್ತಿದ್ದವಳು ಜಾಲಹಳ್ಳಿಯ ಹುಡುಗಿ. ರಾಯಚೂರಿನ ಹತ್ತಿರ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದಿದವಳು. ತಾಯಿ ತಂದೆ ಇಬ್ಬರೂ ಹೊಲದ ಕೂಲಿಗೆ ಹೋಗುವವರು. ಸಂಬಳದ ಕೆಲಸ ಆ ಮನೆಯಲ್ಲಿ ಮೊದಲು ಬಂದದ್ದು ಇವಳಿಗೆ. ದಿನಾ ಬೆಳಿಗ್ಗೆ ಜಾಲಹಳ್ಳಿಯಿಂದ ದೇವದುರ್ಗ, ದೇವದುರ್ಗದಿಂದ ರಾಯಚೂರು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಸಂಜೆಯ ಈ ಬಸ್ಸು ಹಿಡಿದರೆ ದೇವದುರ್ಗದಲ್ಲಿ ಜಾಲಹಳ್ಳಿಯ ಕೊನೆಯ ಬಸ್ಸು ಸಿಗುತ್ತದೆ. ಇದು ತಪ್ಪಿದರೆ ಅದೂ ತಪ್ಪುತ್ತದೆ.

ಅದು ಎರಡು ಸಲ ತಪ್ಪಿತ್ತು. ಎರಡು ಸಲವೂ ಆಕೆ ಯರಗೇರಾದಲ್ಲಿ ಗೆಳತಿಯ ಕೋಣೆಯಲ್ಲಿ ಉಳಿದಿದ್ದಳು. ಎರಡನೆಯ ಸಲದ ಮರುದಿನ ಆಕೆ ಊಟದ ಡಬ್ಬಿ ಬಿಚ್ಚುತ್ತಾ ನನಗೆ ಹೇಳಿದಳು.

“ನಮ್ಮವ್ವ ಕಡೀ ಮಾತು ಹೇಳ್ಯಾಳ್ರಿ. ಇನ್ನೊಂದ್ ಸಲ ಬಸ್ ತಪ್ಪಿದ್ರ ಕೆಲಸ ಬಿಡು, ಊರಾಗ ಝೆರಾಕ್ಸ್ ಅಂಗಡ್ಯಾಗ ಕರಿಯಾಕತ್ತಾರ ಅಂತ.”

“ಸಿಟ್ಟು ಮಾಡ್ಯಾರೇನು?”

“ಸಿಟ್ಟಲ್ರಿ. ರಾತ್ರಿ ಮಗಳು ಎಲ್ಲಿದ್ಲು ಅಂತ ಓಣ್ಯಾಗ ನಾಕು ಮಂದಿ ಕೇಳ್ತಾರ, ನನಗ ಹೇಳಿ ಹೇಳಿ ಬಾಯಿ ನೋಯ್ತದ ಅಂತಾಳ. ಅಕಿ ಹೇಳೋದೂ ಖರೇನೇ ಅದ.”

ಹೇಳುತ್ತಾ ರೊಟ್ಟಿಯನ್ನು ಬೇಕಾದ್ದಕ್ಕಿಂತ ಸಣ್ಣ ಚೂರು ಮಾಡುತ್ತಿದ್ದಳು.

ಬಸ್ಸು ತಪ್ಪಿದ್ದು ಆಕೆಯ ಸೋಮಾರಿತನದಿಂದಲ್ಲ, ಬಿಲ್ಡಿನಿಂದ. ಬರೆದ ಕೋಡನ್ನೆಲ್ಲ ಕೂಡಿಸಿ ಫೋನಿಗೆ ಹಾಕುವಂಥ ಆ್ಯಪ್ ಆಗಿ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಕಂಪ್ಯೂಟರಿಗೆ ಒಂದು ಅಪ್ಪಣೆ ಕೊಟ್ಟರೆ ಅದೇ ಕಟ್ಟುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪಣೆ ಕೊಟ್ಟು ಕೆಳಗೆ ಹೋಗಿ ಒಂದು ಚಹಾ ಕುಡಿದು ಬಂದರೆ ಬಿಲ್ಡ್ ಮುಗಿದಿರುತ್ತಿತ್ತು. ಆಮೇಲೆ ಒಂದು ಚಹಾ ಮತ್ತು ಒಂದು ಪ್ಲೇಟ್ ಮಿರ್ಚಿ ಆಯಿತು. ಹೋದ ವರ್ಷದ ಹೊತ್ತಿಗೆ ಮಿರ್ಚಿ ತಿಂದು, ಗಂಜಿನ ಒಳಗೆ ಒಂದು ಸುತ್ತು ಹಾಕಿ, ಹತ್ತಿ ಮೂಟೆಗಳ ಹರಾಜು ನೋಡಿ ಬಂದರೂ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತಿದ್ದವು. ಒಂದಕ್ಷರ ತಿದ್ದಿದರೂ ಅಷ್ಟೇ ಹೊತ್ತು.

ರಾಯಚೂರಿನಲ್ಲಿ ಯಾವುದು ನಿಧಾನವಾದರೂ ಜನ ಮೊದಲು ಬಿಸಿಲನ್ನು ಬೈಯುತ್ತಾರೆ. ನಾವೂ ಹಾಗೇ ಮಾಡಿದೆವು. ಲ್ಯಾಪ್‌ಟಾಪಿನ ಕಡೆ ಫ್ಯಾನ್ ತಿರುಗಿಸಿದೆವು. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿದೆವು. ಬಿಲ್ಡ್ ನಡೆಯುವಾಗ ಕೆಳಗಿನ ಟೇಲರು ಇಸ್ತ್ರಿ ಹಚ್ಚಬಾರದು, ವೋಲ್ಟೇಜ್ ಇಳಿಯುತ್ತದೆ ಎಂದು ಕೇಳಿಕೊಂಡೆವು. ಆತ ಒಳ್ಳೆಯವನು. ಸ್ವಲ್ಪ ದಿನ ಜನರ ಪ್ಯಾಂಟುಗಳನ್ನು ಇಸ್ತ್ರಿಯಿಲ್ಲದೆ ಕೊಟ್ಟ. ಸರ್ ಹೊಸ ಮೆಮೊರಿ ತರಿಸಿ ಹಾಕಿಸಿದರು. ಚಳಿಗಾಲ ಬಂದರೂ ಬಿಲ್ಡ್ ಮಾತ್ರ ನಿಧಾನವಾಗಿಯೇ ಇತ್ತು. ಆಗ ಚಳಿಯನ್ನು ಬೈದೆವು.

ಯಾರೂ ಬೈಯದೆ ಉಳಿದದ್ದು ಒಂದೇ ವಸ್ತು, ಸರ್ ಅವರ ರಿಪೋರ್ಟು. ಅದನ್ನು ಇಲ್ಲಿ ವಿವರಿಸಬೇಕು.

ನಮ್ಮ ಆ್ಯಪ್ ಪೂರ್ತಿ ನಮ್ಮ ಕೈಯದಲ್ಲ. ಹೊರಗಿನವರು ಬರೆದು ಹಂಚಿದ ತುಂಡುಗಳನ್ನು ತಂದು ಜೋಡಿಸಿಕೊಳ್ಳುತ್ತೇವೆ. ಅವಕ್ಕೆ ಲೈಬ್ರರಿ ಎಂದು ಹೆಸರು. ಒಂದು ಲೈಬ್ರರಿಯನ್ನು ಕರೆದರೆ ಅದು ತನಗೆ ಬೇಕಾದ ಎರಡನ್ನು ಕರೆದುಕೊಂಡು ಬರುತ್ತದೆ. ಆ ಎರಡು ಮತ್ತೆ ತಮ್ಮವರನ್ನು ಕರೆತರುತ್ತವೆ. ಯಾರು ಯಾರಿಂದ ಬಂದರು ಎಂಬುದನ್ನು ಬರೆದಿಡುವುದೇ ರಿಪೋರ್ಟು.

ಅದನ್ನು ಶುರುಮಾಡಿಸಿದವರು ಮಾನ್ವಿಯ ಗಿರಣಿ ಸಾಹುಕಾರರು. ನಮ್ಮ ಆ್ಯಪ್ ಕೊಳ್ಳುವಾಗ ಅವರು ಸರ್ ಅವರನ್ನು ಕೇಳಿದ ಮೊದಲ ಪ್ರಶ್ನೆಗೆ ನಾನು ಸಾಕ್ಷಿ.

“ಇದರಾಗ ನಿಮ್ಮವ್ರು ಎಷ್ಟು, ಹೊರಗಿನವ್ರು ಎಷ್ಟು? ಹೊರಗಿನವ್ರು ಯಾರ ಪೈಕಿ?”

ನಮ್ಮ ಕಡೆ ಈ ಪ್ರಶ್ನೆ ಎಲ್ಲರೂ ಎಲ್ಲರಿಗೂ ಕೇಳುತ್ತಾರೆ. ಹೊಸ ಮುಖ ಕಂಡರೆ ನೀರು ಕೊಡುವುದಕ್ಕೆ ಮೊದಲು ಯಾರ ಪೈಕಿ ಎನ್ನುತ್ತಾರೆ. ಯಾರ ಮಗ, ಯಾರ ಅಳಿಯ, ಯಾವ ಓಣಿ, ಯಾವ ಮಂದಿ. ಕೇಳುವವರಿಗೆ ಅದು ಬರೀ ಮಾತಿನ ಆರಂಭ. ಉತ್ತರ ಹೇಳುವವರಲ್ಲಿ ಕೆಲವರಿಗೆ ಹಾಗಲ್ಲ. ಸಾಹುಕಾರರು ಸಾಫ್ಟ್‌ವೇರಿಗೂ ಅದನ್ನೇ ಕೇಳಿದರು. ಸರ್ ಅವರಿಗೆ ಪ್ರಶ್ನೆ ಬಹಳ ಹಿಡಿಸಿತು. “ಎಲ್ಲಾರ್ದೂ ಕೊಡ್ತೀನ್ರಿ, ಒಬ್ರದೂ ಬಿಡಂಗಿಲ್ಲ” ಎಂದರು.

ಸರ್ ತಮ್ಮ ಬಳಗದಲ್ಲಿ ಲಗ್ನಪತ್ರಿಕೆ ಬರೆಯುವವರು. ನಮ್ಮಲ್ಲಿ ಸೋದರಮಾವನ ಮಗಳು, ಅಕ್ಕನ ಮಗಳು ಎಂದು ಒಳಗೊಳಗೇ ಸಂಬಂಧ ಮಾಡುವುದರಿಂದ ಒಬ್ಬನೇ ಮನುಷ್ಯ ಹೆಣ್ಣಿನ ಕಡೆಗೂ ಬೀಗ, ಗಂಡಿನ ಕಡೆಗೂ ಬೀಗ. ಅಂಥವನ ಹೆಸರು ಪತ್ರಿಕೆಯಲ್ಲಿ ಎರಡೂ ಕಡೆ ಬರಬೇಕು, ಹೆಂಡತಿ ಮಕ್ಕಳ ಸಮೇತ ಬರಬೇಕು. ಒಂದು ಕಡೆ ಬಿಟ್ಟರೂ ಊಟಕ್ಕೆ ಕೂರುವುದಿಲ್ಲ. ಸರ್ ಈ ರೂಢಿಯನ್ನೇ ಕೋಡಿನಲ್ಲಿ ಬರೆದರು. ಒಂದು ಲೈಬ್ರರಿಯ ಹೆಸರು ಎಷ್ಟು ದಾರಿಯಿಂದ ಬಂದರೂ ಅಷ್ಟೂ ಸಲ ಬರೆಯಬೇಕು. ಬರೆದಾಗಲೆಲ್ಲ ಅದರ ಕೆಳಗಿನ ಪೂರ್ತಿ ಬಳಗವನ್ನೂ ಬರೆಯಬೇಕು. ಕನ್ನಡದ ಚೀಟಿಗೆ ಒಂದು, ತೆಲುಗಿಗೆ ಒಂದು, ಉರ್ದುವಿಗೆ ಒಂದು. ಪ್ರತಿ ಬಿಲ್ಡಿಗೂ ಹೊಸದಾಗಿ. ಮೇಲೆ ಹೇಳಿದೆ ಎಂದು ಮುಂದಕ್ಕೆ ಹೋಗುವಂತಿಲ್ಲ.

ಲೈಬ್ರರಿಗಳ ಲೋಕದಲ್ಲಿ ಒಳಸಂಬಂಧ ನಮ್ಮ ಕಡೆಗಿಂತ ಹೆಚ್ಚು. ಒಂದೊಂದು ಹೊಸ ತುಂಡು ಸೇರಿದಾಗಲೂ ರಿಪೋರ್ಟು ಒಂದಲ್ಲ, ಹತ್ತು ಪಟ್ಟು ಉಬ್ಬುತ್ತಿತ್ತು. ಇದು ಈಗ ಗೊತ್ತು. ಆಗ ನಮಗೆ ರಿಪೋರ್ಟು ಎಂದರೆ ಬಿಲ್ಡಿನ ಕೊನೆಯಲ್ಲಿ ಓಡುವ ಸಾಲುಗಳು, ಅಷ್ಟೇ. ಹೆಸರು ಓದುವುದು ಒಂದು ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಈಗ ಆ ಗುರುವಾರಕ್ಕೆ ಬರುತ್ತೇನೆ.

ಮಾನ್ವಿಯ ಗಿರಣಿಯ ತೂಕ ಹಿಡಿಯುವ ಫೋನು ಬುಧವಾರ ದುರಸ್ತಿಗೆ ನಮ್ಮಲ್ಲಿಗೆ ಬಂದಿತ್ತು. ಹೊಸ ಬಿಲ್ಡಿನಲ್ಲಿ ಖಾಲಿ ಗಾಡಿಯ ತೂಕ ಎರಡು ಸಲ ಕಳೆಯುತ್ತಿತ್ತು. ರೈತನ ಭತ್ತ ಚೀಟಿಯಲ್ಲಿ ಕಡಿಮೆ ಬರುತ್ತಿತ್ತು. ಸಾಹುಕಾರರು ತಾವೇ ಅದನ್ನು ಹಿಡಿದು, ಚೀಟಿ ನಿಲ್ಲಿಸಿ, ಫೋನು ಕಳಿಸಿದ್ದರು. ಶುಕ್ರವಾರ ಬೆಳಿಗ್ಗೆ ಗಾಡಿಗಳು ಸಾಲು ನಿಲ್ಲುವ ಮೊದಲು ಫೋನು ತೂಕದ ಕಟ್ಟೆಯ ಮೇಲಿರಬೇಕು ಎಂದು ಹೇಳಿದ್ದರು. ಹುಡುಗಿ ತಪ್ಪನ್ನು ಹುಡುಕಿ ತಿದ್ದಿದಾಗ ಗುರುವಾರ ಮಧ್ಯಾಹ್ನ ಇಳಿದಿತ್ತು. ಬಿಲ್ಡಿಗೆ ಅಪ್ಪಣೆ ಕೊಟ್ಟಳು. ಬಸ್ಸಿನ ಹೊತ್ತಾದರೂ ಅದು ಮುಗಿಯಲಿಲ್ಲ.

ಬಿಲ್ಡ್ ಬಿಟ್ಟು ಹೋದರೆ ಮಾನ್ವಿಯಲ್ಲಿ ರೈತರು ನಿಲ್ಲುತ್ತಾರೆ. ಬಸ್ಸು ಬಿಟ್ಟರೆ ಝೆರಾಕ್ಸ್ ಅಂಗಡಿ. ಆಕೆ ಲ್ಯಾಪ್‌ಟಾಪಿನ ವೈರು ಕಿತ್ತು, ಮುಚ್ಚಳ ಮುಚ್ಚದೆ ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು. ಮುಚ್ಚಿದರೆ ಬಿಲ್ಡ್ ನಿಲ್ಲುತ್ತಿತ್ತು. ನನ್ನ ಅಕ್ಕ ದೇವದುರ್ಗದಲ್ಲಿದ್ದಾಳೆ, ಅಲ್ಲಿಂದ ಬೆಳಿಗ್ಗೆ ಮಾನ್ವಿಗೆ ಬಸ್ಸಿದೆ. ಹಾಗಾಗಿ ನಾನೂ ಗಿರಣಿಯ ಫೋನು ಹಿಡಿದು ಆಕೆಯ ಹಿಂದೆ ಇಳಿದೆ. ದೇವದುರ್ಗದ ಬಸ್ ಸ್ಟ್ಯಾಂಡ್ ಬರುವುದರೊಳಗೆ ಆ್ಯಪ್ ಈ ಫೋನಿಗೆ ಸೇರಬೇಕು. ಇಷ್ಟೇ ನಮ್ಮ ಯೋಜನೆ.

ಬಸ್ಸು ತುಂಬಿತ್ತು. ಆಕೆಗೂ ಸೀಟಿಲ್ಲ. ಕಂಡಕ್ಟರ್ ದಿನಾ ನೋಡುವವನು. ತೆರೆದ ಲ್ಯಾಪ್‌ಟಾಪ್ ನೋಡಿ ಕೇಳಿದ.

“ಏನ್ ತಂಗೀ, ಟೀವಿ ಹಚ್ಚಿಕೊಂಡೇ ಬಂದೀಯಲ್ಲ.”

“ಆಫೀಸ್ ಕೆಲಸಣ್ಣಾ. ಬಂದ್ ಮಾಡಂಗಿಲ್ಲ.”

“ಹೆಣ್ಮಕ್ಕಳಿಗೆ ಫ್ರೀ, ನಿನಗ ರೊಕ್ಕ ಇಲ್ಲ. ಅದಕ್ಕ ಲಗೇಜ್ ಟಿಕೇಟ್ ಹರೀಬೇಕೇನು?”

ಸುತ್ತಲಿನವರು ನಕ್ಕರು. ನಾನು ನಿಂತಿದ್ದ ಜಾಗದ ಪಕ್ಕದ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕಿ ಎರಡೂ ಕೈ ಚಾಚಿದಳು. ಗಬ್ಬೂರಿಗೆ ಹೋಗುವವಳು. “ತಾ ಬೇ, ನನ್ನ ತೊಡಿ ಮ್ಯಾಲ ಇಡು. ಮಮ್ಮಕ್ಕಳನ್ನ ಹಿಡಿದವಳದೀನಿ, ಇದೇನು.” ಹುಡುಗಿ ಕೊಟ್ಟಳು. ಮುದುಕಿಯ ಪಕ್ಕದಲ್ಲಿ ಒಬ್ಬ ಮಂಡಾಳಿನ, ಎಂದರೆ ಮಂಡಕ್ಕಿಯ, ವ್ಯಾಪಾರಿ ಕೂತಿದ್ದ. ಸೀಟುಗಳ ನಡುವಿನ ದಾರಿಯಲ್ಲಿ, ನನ್ನ ಕಾಲಿನ ಹತ್ತಿರ, ಅವನ ಮಂಡಾಳಿನ ಚೀಲ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು.

ಕಲ್ಮಲಾ ದಾಟಿ ಸ್ವಲ್ಪ ಹೊತ್ತಿಗೆ ರಸ್ತೆಗೆ ಕುರಿಗಳು ಬಂದವು. ಕುರಿಗಳನ್ನು ನಾನು ಕಾಣಲಿಲ್ಲ, ಆಮೇಲೆ ಕೇಳಿದ್ದು. ಕಂಡದ್ದು ಇದು. ಬ್ರೇಕ್ ಬಿತ್ತು. ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಮುದುಕಿ ಎದುರಿನ ಸೀಟಿನ ಸರಳು ಹಿಡಿಯಲು ಎರಡೂ ಕೈ ಬಿಟ್ಟಳು. ಲ್ಯಾಪ್‌ಟಾಪ್ ಅವಳ ತೊಡೆಯಿಂದ ಎದ್ದು ಅಡ್ಡಲಾಗಿ, ತೆರೆದ ಪುಸ್ತಕದ ಹಾಗೆ, ನನ್ನ ಹೊಟ್ಟೆಯ ಮುಂದಿನಿಂದ ಹೋಯಿತು. ನನ್ನ ಬಲಗೈ ಖಾಲಿಯಿತ್ತು. ನಾನು ಹಿಡಿಯಲಿಲ್ಲ. ಹಿಡಿಯಬೇಕು ಎಂದು ಕೈಗೆ ತಿಳಿಯುವಷ್ಟರಲ್ಲಿ ಅದು ಮಂಡಾಳಿನ ಚೀಲದ ಮೇಲೆ ಬೆನ್ನು ಕೆಳಗಾಗಿ ಬಿದ್ದು, ಅರ್ಧ ಹೂತು, ನಿಂತಿತ್ತು. ಚೀಲ ಪುಸ್ ಎಂದಿತು.

ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇದ್ದವು.

“ನನ್ನ ಮಂಡಾಳು ಪುಡಿ ಆತು” ಎಂದ ವ್ಯಾಪಾರಿ, ಬೇಸರವಿಲ್ಲದೆ. ಆಮೇಲೆ ಬಗ್ಗಿ ನೋಡಿ, “ಇದು ಮಾತ್ರ ಏನೂ ಆಗಿಲ್ಲ ನೋಡ್ರಿ, ಹೆಂಗ ಓಡಾಕತ್ತದ” ಎಂದ.

ಹುಡುಗಿ ಬಗ್ಗಿ ಅದನ್ನು ಎತ್ತಿದಳು. ಕೀಲಿಗಳ ಸಂದಿಯಲ್ಲಿ ನಾಲ್ಕಾರು ಮಂಡಾಳು ಸಿಕ್ಕಿಕೊಂಡಿದ್ದವು. ಅವನ್ನು ತೆಗೆಯಲೂ ಆಕೆಗೆ ಭಯ, ಯಾವುದಾದರೂ ಕೀಲಿ ಒತ್ತಿದರೆ ಎಂದು. ವ್ಯಾಪಾರಿ ಎದ್ದು ತನ್ನ ಸೀಟು ಆಕೆಗೆ ಕೊಟ್ಟ. “ಕುಂಡ್ರವ್ವಾ. ಮತ್ತೊಮ್ಮಿ ಹಾರಿದ್ರ ಚೀಲ ತಡಿಯಂಗಿಲ್ಲ.” ಹೀಗೆ ಆಕೆ ಮುದುಕಿಯ ಪಕ್ಕ ಕೂತಳು. ನಾನು ನನ್ನ ಜಾಗದಲ್ಲೇ ನಿಂತಿದ್ದೆ.

ಮುದುಕಿ ಈಗ ಪರದೆಯನ್ನು ಹತ್ತಿರದಿಂದ ನೋಡಿದಳು. ನೋಡಿ ನಮ್ಮ ಕಡೆಯ ಪ್ರಶ್ನೆಯನ್ನು ಕೇಳಿದಳು. ಆದರೆ ಮೊದಲು ಹುಡುಗಿಗೆ.

“ಯಾರ ಪೈಕಿ ಬೇ ನೀನು?”

“ಬಸ್ಸಿನ ಪೈಕಿ, ಯವ್ವಾ. ದಿನಾ ಇದರಾಗೇ ಇರ್ತೀನಿ.”

ಇದನ್ನು ಆಕೆ ಹೇಳಿದ ರೀತಿಯಿಂದ, ಈ ಉತ್ತರ ಬಹಳ ದಿನಗಳಿಂದ ಆಕೆಯ ಬಾಯಲ್ಲಿದೆ ಎಂದು ನನಗೆ ತಿಳಿಯಿತು. ಮುದುಕಿ ಗಟ್ಟಿಯಾಗಿ ನಕ್ಕಳು, ಬಿಡಲಿಲ್ಲ.

“ಹೇಳಬ್ಯಾಡ ಬಿಡು. ಇವು ಯಾರು, ಇಷ್ಟು ಮಂದಿ ಓಡಾಕತ್ತಾರ?”

“ಹೆಸರು ಯವ್ವಾ. ಈ ಕೆಲಸಕ್ಕ ಕೈ ಹಚ್ಚಿದವ್ರ ಹೆಸರು.”

“ಹಂಗಾರ ಓದು. ಗಬ್ಬೂರು ಇನ್ನೂ ದೂರ ಅದ.”

ಆಕೆ ಬಿಲ್ಡ್ ನಿಲ್ಲದ ಹಾಗೆ ಪರದೆಯ ಮೇಲಿನ ಸಾಲುಗಳ ಓಟವನ್ನಷ್ಟೇ ತಡೆಹಿಡಿದು ಓದತೊಡಗಿದಳು. ಇವನು ಚೀಟಿ ಮುದ್ರಿಸುವವನು, ಇವನನ್ನು ಕರೆತಂದವನು ಅವನು, ಅವನ ಕೆಳಗೆ ತಾರೀಖು ಬರೆಯುವವನು ಎಂದು ಲೈಬ್ರರಿಗಳಿಗೆಲ್ಲ ಕೆಲಸದ ಹೆಸರು ಕೊಟ್ಟು ಹೇಳಿದಳು. ಮುದುಕಿ ಹೂಂ ಹೂಂ ಎಂದಳು. ಸುತ್ತಲಿನವರೂ ಕೇಳುತ್ತಿದ್ದರು. ಸ್ವಲ್ಪದರಲ್ಲೇ ತಾರೀಖು ಬರೆಯುವವನು ಮತ್ತೆ ಬಂದ.

“ಈಗ ಹೇಳಿದ್ಯಲ್ಲ ಬೇ ಇವನ್ನ.”

“ಹೇಳಿದ್ನಿ. ಇವರ ಕಡೀಂದನೂ ಸಂಬಂಧ ಅದ, ಅದಕ್ಕ ಮತ್ತ ಬಂದಾನ.”

“ಬರ್ಲಿ. ಹೆಂಡ್ತಿ ಮಕ್ಕಳನ್ನೂ ಮತ್ತ ಕರ್ಕೊಂಡ್ ಬಂದಾನೇನು?”

“ಎಲ್ಲಾರನ್ನೂ.”

ಮಂಡಾಳಿನ ವ್ಯಾಪಾರಿ ನಿಂತಲ್ಲಿಂದಲೇ ಕೇಳಿದ. “ಊಟಕ್ಕ ಯಾವಾಗ ಬಡಸ್ತಾರ ಕೇಳ್ರಿ ಜರ. ಹೆಸರು ಓದೋದರಾಗ ಅನ್ನ ಆರಿ ಹೋಗ್ತದ.”

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಆಕೆಯ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಆಮೇಲೆ ಸಾಲುಗಳನ್ನು ಹಿಂದಕ್ಕೆ, ಮೇಲಕ್ಕೆ, ಮೇಲಕ್ಕೆ ಎಳೆಯತೊಡಗಿದಳು. ತಾರೀಖಿನವನು ಹೋದ, ಬಂದ, ಹೋದ, ಬಂದ. ಎಳೆದು ಎಳೆದು ಕೊನೆಗೆ ಒಂದು ಸಾಲಿನ ಮೇಲೆ ನಿಲ್ಲಿಸಿ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ನಾನು ಬಗ್ಗಿ ಓದಿದೆ. ಆ್ಯಪ್ ಸಿದ್ಧವಾಗಿದೆ ಎಂಬ ಸಾಲು ಅದು. ಪಕ್ಕದಲ್ಲಿ ವೇಳೆಯಿತ್ತು. ನಾವು ಆಫೀಸಿನ ಮೆಟ್ಟಿಲಿಳಿಯುವುದಕ್ಕೂ ಎಷ್ಟೋ ಮೊದಲಿನ ವೇಳೆ.

“ನೋಡ್ರಿ, ಅನ್ನ ಯಾವಾಗ್ಲೋ ಆಗ್ಯದ್ರಿ” ಎಂದಳು. “ನಾವು ಹೆಸರು ಓದಿ ಮುಗೀಲಿ ಅಂತ ಕುಂತೀವಿ.”

ಆ್ಯಪ್ ಬೇಗನೇ ಆಗಿ ಒಳಗೆ ಕೂತಿರುತ್ತಿತ್ತು. ರಿಪೋರ್ಟು ಮುಗಿದ ಮೇಲೆಯೇ ಅದನ್ನು ಹೊರಗೆ ಕೊಡಬೇಕು ಎಂದು ಸರ್ ಬರೆದಿಟ್ಟಿದ್ದರು. ಉಳಿದ ಹೊತ್ತೆಲ್ಲ ಹೆಸರುಗಳದ್ದು. ಇಷ್ಟು ತಿಂಗಳು ನಾವು ಬಿಸಿಲನ್ನೂ ಚಳಿಯನ್ನೂ ಟೇಲರನ ಇಸ್ತ್ರಿಯನ್ನೂ ಬೈದಿದ್ದೆವು.

ಆಕೆ ರಿಪೋರ್ಟನ್ನು ನಡುವೆಯೇ ನಿಲ್ಲಿಸಿದಳು. ಒಳಗೆ ಕೂತಿದ್ದ ಆ್ಯಪನ್ನು ಹೊರಗೆ ತೆಗೆದಳು. ನಾನು ಗಿರಣಿಯ ಫೋನನ್ನು ವೈರಿಗೆ ಸಿಕ್ಕಿಸಿದೆ. ವೈರು ಗಿಡ್ಡ. ಹಾಗಾಗಿ ಮಂಡಾಳಿನ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು ಪರೀಕ್ಷೆ ಮಾಡಿದೆ. ಕನ್ನಡದ ಚೀಟಿ ಸರಿ. ಉರ್ದುವಿನ ಚೀಟಿ ಸರಿ. ತೆಲುಗಿನ ಚೀಟಿಯಲ್ಲಿ ಖಾಲಿ ಗಾಡಿಯ ತೂಕ ಈಗಲೂ ಎರಡು ಸಲ ಕಳೆದಿತ್ತು.

ತಲೆ ಎತ್ತಿ ನೋಡಿದೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿ ಕೆಂಪಾಗಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮುದುಕಿಯೂ ನೋಡುತ್ತಿದ್ದಳು. ನಾನು ಸುಮ್ಮನಿದ್ದರೆ ಆಕೆ ನೆಮ್ಮದಿಯಾಗಿ ಜಾಲಹಳ್ಳಿಯ ಬಸ್ಸು ಹತ್ತುತ್ತಾಳೆ. ಕ್ಯಾಂಪಿನ ರೈತರ ಭತ್ತ ಚೀಟಿಯಲ್ಲಿ ಕರಗುತ್ತದೆ.

“ತೆಲುಗಿನಾಗ ತಪ್ಪು ಅದ” ಎಂದೆ.

ಆಕೆ ಒಂದು ಸಲ ಕಣ್ಣು ಮುಚ್ಚಿ ತೆರೆದಳು. “ಅದನ್ನ ತಿದ್ದೋದು ಮರ್ತೀನಿ” ಎಂದಳು. ತೊಡೆಯ ಮೇಲಿನ ತನ್ನ ಊಟದ ಚೀಲ ಸರಿಸಿ, ಬೆನ್ನು ಬಗ್ಗಿಸಿ, ಬಸ್ಸಿನ ಕುಲುಕಾಟದಲ್ಲೇ ಆ ಸಾಲನ್ನು ತಿದ್ದಿದಳು. ಆಮೇಲೆ ಸರ್ ಬರೆದ ರಿಪೋರ್ಟಿನ ಅಪ್ಪಣೆ ಇದ್ದ ಕಡೆ ಹೋದಳು. ಅದನ್ನು ಅಳಿಸಲಿಲ್ಲ. ಸದ್ಯಕ್ಕೆ ನಡೆಯಬಾರದು ಎಂಬ ಗುರುತು ಮುಂದೆ ಹಾಕಿದಳು. ಇದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಆಫೀಸಿನಲ್ಲಿ ಅಳಿಸಿದಳು ಎಂದು ಮಾತಾಯಿತು, ಅದು ಸುಳ್ಳು. ಹೊಸ ಬಿಲ್ಡಿಗೆ ಅಪ್ಪಣೆ ಕೊಟ್ಟಳು.

ವ್ಯಾಪಾರಿ ತನ್ನ ಚೀಲ ಬಿಚ್ಚಿ ಎಲ್ಲರಿಗೂ ಒಂದೊಂದು ಹಿಡಿ ಪುಡಿ ಮಂಡಾಳು ಕೊಡುತ್ತಿದ್ದ, ಹೇಗಿದ್ದರೂ ಮಾರುವಂತಿಲ್ಲ ಎಂದು. ನನಗೂ ಕೊಟ್ಟ. ಅದನ್ನು ಬಾಯಿಗೆ ಹಾಕಿಕೊಂಡೆ. ಜಗಿದು ನುಂಗುವ ಮೊದಲು ಆಕೆ ನನ್ನ ಭುಜ ತಟ್ಟಿದಳು.

ಬಿಲ್ಡ್ ಮುಗಿದಿತ್ತು.

ನಾನು ನಂಬಲಿಲ್ಲ. ನಂಬದಿರುವುದು ನನ್ನ ಕೆಲಸ. ಫೋನಿಗೆ ಹಾಕಿ ಮೂರೂ ಭಾಷೆಯ ಚೀಟಿ ತೆಗೆದೆ, ಮತ್ತೆ ತೆಗೆದೆ. ಮೂರೂ ಸರಿ. ವೈರು ಕಿತ್ತು ಮೇಲೆದ್ದಾಗ ಲ್ಯಾಪ್‌ಟಾಪಿನ ಪರದೆ ತಾನಾಗಿ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು. ಹೊರಗೆ ಗಬ್ಬೂರಿನ ಮನೆಗಳು ಕಾಣುತ್ತಿದ್ದವು.

ಮುದುಕಿ ಇಳಿಯಲು ಎದ್ದಳು. “ಹೆಸರು ಓದಿ ಮುಗೀತೇನು?”

“ಓದಲಿಲ್ಲ ಯವ್ವಾ. ಓದದಿದ್ರೂ ನಡೀತದ.”

“ನಡೀತದ ಬಿಡು” ಎಂದಳು ಮುದುಕಿ. ಇಳಿಯುವಾಗ ಹುಡುಗಿಯ ಗಲ್ಲ ಮುಟ್ಟಿ ಬೆರಳಿಗೆ ಮುತ್ತು ಕೊಟ್ಟುಕೊಂಡಳು. ಯಾರ ಪೈಕಿ ಎಂದು ಮತ್ತೆ ಕೇಳಲಿಲ್ಲ.

ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಜಾಲಹಳ್ಳಿಯ ಬಸ್ಸು ಎಂಜಿನ್ ಹಚ್ಚಿ ನಿಂತಿತ್ತು. ಅದರ ಬಾಗಿಲಲ್ಲಿ ಒಬ್ಬ ಹೆಂಗಸು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಡ್ರೈವರನ ಜೊತೆ ಮಾತಾಡುತ್ತಿದ್ದಳು. ತಲೆಯ ಮೇಲಿನ ಸೆರಗಿಗೆ ಹತ್ತಿಯ ಎಳೆಗಳು ಅಂಟಿದ್ದವು.

“ನಮ್ಮವ್ವ” ಎಂದಳು ಹುಡುಗಿ. ಅಂದು ದೇವದುರ್ಗದ ಹತ್ತಿರ ಹತ್ತಿ ಬಿಡಿಸಲು ಬಂದವಳು, ಮಗಳು ಬರುತ್ತಾಳೋ ಇಲ್ಲವೋ ತಾನೇ ನೋಡುತ್ತೇನೆ ಎಂದು ನಿಂತಿದ್ದಳು. ಇದು ಹುಡುಗಿ ಆಮೇಲೆ ಹೇಳಿದ್ದು. ನಾನು ಕೇಳಿಸಿಕೊಂಡದ್ದು ಇಷ್ಟು.

“ಬಂದ್ಯಾ?”

“ಬಂದೆ.”

“ದಿನಾ ಹಿಂಗ ಬರ್ತಿದ್ರ ನನ್ನದೇನು ತಕರಾರದ?”

“ಇನ್ನ ದಿನಾ ಬರ್ತೀನಿ. ತಪ್ಪಂಗಿಲ್ಲ.”

ತಾಯಿ ಮಗಳ ಕೈಯಲ್ಲಿದ್ದ ಲ್ಯಾಪ್‌ಟಾಪ್ ನೋಡಿ, “ಅದಕ್ಕೇನು ಮಂಡಾಳು ತಿನಿಸೀದಿ” ಎಂದಳು. ಇಬ್ಬರೂ ಹತ್ತಿದರು.

ಮರುದಿನ ಬೆಳಿಗ್ಗೆ ನಾನು ಮಾನ್ವಿಯ ಗಿರಣಿಯಲ್ಲಿ ಫೋನು ಕೊಟ್ಟೆ. ಮೊದಲ ಗಾಡಿ ತೂಗಿತು, ಚೀಟಿ ಸರಿಯಾಗಿ ಬಂತು. ಸಾಹುಕಾರರು ಚಹಾ ತರಿಸಿದರು. ಚೀಟಿ ಮುದ್ರಿಸುವ ಪ್ರಿಂಟರಿನ ಕೆಳಗೆ ಒಂದು ದಪ್ಪ ಕಾಗದದ ಕಟ್ಟು ಇತ್ತು. ಸರ್ ಮೊದಲ ಸಲ ಮುದ್ರಿಸಿ ಕಳಿಸಿದ್ದ ರಿಪೋರ್ಟು.

“ಇದನ್ನ ಓದೀರೇನ್ರಿ?” ಎಂದೆ.

“ಎಲ್ಲಾರೂ ಅದಾರ ಅಂತ ನಿಮ್ಮ ಸರ್ ಹೇಳಿದ್ರಲ್ಲ, ಮತ್ತ ಯಾಕ ಓದ್ಬೇಕು? ಪ್ರಿಂಟರ್ ತಗ್ಗಾಗಿತ್ತು, ಈಗ ಎತ್ತರ ಬರೋಬ್ಬರಿ ಆಗ್ಯದ.”

ರಾಯಚೂರಿಗೆ ಬಂದಾಗ ಹುಡುಗಿ ಆಗಲೇ ಸರ್ ಅವರ ಮುಂದೆ ನಿಂತಿದ್ದಳು. ಸರ್ ಮುಖ ಸಪ್ಪಗಾಗಿತ್ತು.

“ನನ್ನ ರಿಪೋರ್ಟ್ ತಗದೀಯೇನವ್ವಾ?”

“ತಗದಿಲ್ರಿ ಸರ್. ದಿನಾ ಬ್ಯಾಡ. ಹೊಸ ಲೈಬ್ರರಿ ಬಂದ ದಿನ ಮಾತ್ರ ಹಚ್ಚೋಣು. ಒಬ್ರನ್ನ ಒಂದ್ಸಲ ಹೇಳಿದ್ರ ಸಾಕು, ಎರಡನೇ ಸಲ ಬಂದ್ರ ಚುಕ್ಕಿ ಇಟ್ಟು ಬಿಡೋಣು. ಅವ್ರೇನೂ ಊಟ ಬಿಟ್ಟು ಏಳಂಗಿಲ್ರಿ.”

ಸರ್ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಆಮೇಲೆ ಕೇಳಿದರು. “ಈಗ ಎಷ್ಟು ಹೊತ್ತು ಹಿಡೀತದ?”

ಆಕೆ ಅಪ್ಪಣೆ ಕೊಟ್ಟಳು. ಸರ್ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬಿಲ್ಡ್ ಮುಗಿಯಿತು. ಏನೋ ಆಗಬಾರದ್ದು ಆಯಿತೆಂಬಂತೆ ಅವರು ಪರದೆಯನ್ನು ನೋಡಿದರು. ಮತ್ತೊಮ್ಮೆ ಹಾಕಲು ಹೇಳಿದರು. ಮತ್ತೆ ಮುಗಿಯಿತು. ಆಗ ಅವರಿಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗೆ ಬಗ್ಗಿ ಟೇಲರನಿಗೆ ಕೂಗಿ ಹೇಳಿದರು. “ಇನ್ನ ಇಸ್ತ್ರಿ ಹಚ್ಚಪಾ, ಯಾವಾಗ ಬೇಕಾದ್ರೂ ಹಚ್ಚು.”

ಪ್ರಿಂಟರಿನ ಕೆಳಗಿನ ಕಟ್ಟಿನ ವಿಷಯ ನಾನು ಸರ್ ಅವರಿಗೆ ಹೇಳಲಿಲ್ಲ. ಅವರು ಕೇಳಲಿಲ್ಲ.

ಆ ದಿನದಿಂದ ಹುಡುಗಿ ಸಂಜೆಯ ಬಸ್ಸು ತಪ್ಪಿಸಿಲ್ಲ. ಝೆರಾಕ್ಸ್ ಅಂಗಡಿಯವರು ಬೇರೆಯವರನ್ನು ಇಟ್ಟುಕೊಂಡರು ಎಂದು ಕೇಳಿದ್ದೇನೆ.

ನಾನು ಬರೆದದ್ದರಲ್ಲಿ ಸಂದೇಹ ಬಂದವರು ಕೇಳಬಹುದಾದ ಜನ ಇನ್ನೂ ಇದ್ದಾರೆ. ಕಂಡಕ್ಟರ್ ಈಗ ಮಾನ್ವಿ ರಸ್ತೆಯ ಬಸ್ಸಿನಲ್ಲಿದ್ದಾನೆ, ಲಗೇಜ್ ಹರಿಯುವ ಮಾತನ್ನು ಈಗಲೂ ಆಡುತ್ತಾನೆ. ಮಂಡಾಳಿನ ವ್ಯಾಪಾರಿ ದೇವದುರ್ಗದ ಸ್ಟ್ಯಾಂಡಿನ ಹೊರಗೆ ಕೂರುತ್ತಾನೆ. ನಾನು ಕಂಡರೆ ಚೀಲದ ಬಾಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಾನೆ. ಗಬ್ಬೂರಿನ ಮುದುಕಿ ಗಟ್ಟಿಯಾಗಿದ್ದಾಳೆ, ಹೋದ ವಾರವೂ ಅದೇ ಬಸ್ಸಿನಲ್ಲಿ ಕಂಡಳು. ಹುಡುಗಿಯ ತಾಯಿ ಕಂಡದ್ದು ಕೊನೆಯ ಭಾಗ ಮಾತ್ರ, ಆದರೆ ಕೀಲಿಗಳಲ್ಲಿ ಮಂಡಾಳಿತ್ತು ಎಂಬುದಕ್ಕೆ ಅವಳೇ ಸಾಕ್ಷಿ. ಮತ್ತೆ ಹುಡುಗಿ. ಆಕೆ ಈಗ ನನ್ನ ಎದುರಿನ ಮೇಜಿನಲ್ಲಿ ಕೂತಿದ್ದಾಳೆ. ಇದನ್ನೆಲ್ಲ ಓದಿ, ಮಂಡಾಳು ನಾಲ್ಕಾರಲ್ಲ, ಇನ್ನೂ ಹೆಚ್ಚಿದ್ದವು ಎಂದಳು.